ಕಾಣೆಯ ಇನ್ನೊಂದು ಹೆಸರು

ಮಸ್ಕತ್ತಿಗೆ ಬಂದ ಹೊಸತರಲ್ಲಿ, ಆಗಸ್ಟ್ ಕೊನೆಯ ಒಂದು ಶುಕ್ರವಾರ ಬೆಳಿಗ್ಗೆ, ಮತ್ರಾದ ಮೀನು ಮಾರುಕಟ್ಟೆಗೆ ಹೋಗಿ ಒಂದು ಇಡೀ ಅಂಜಲ್ ಕೊಂಡುಕೊಂಡೆ. ಅಂಜಲ್ ಎಂದುಕೊಂಡೆ ಎನ್ನುವುದು ಸರಿ. ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದ, ಬೆಳ್ಳಿ ಬಣ್ಣದ ಮೈ, ಮೇಲೆ ಅಡ್ಡಡ್ಡ ಕಪ್ಪು ಪಟ್ಟೆಗಳು. ಕೊಯ್ಯುವ ಮುಂಚೆ ಹೆಮ್ಮೆಯಿಂದ ಒಂದು ಫೋಟೋ ತೆಗೆದು ಊರಿನಲ್ಲಿರುವ ತಮ್ಮನ ಫೋನಿಗೆ ಕಳಿಸಿದೆ, ಅಮ್ಮನಿಗೆ ತೋರಿಸು ಅಂತ. ಎರಡು ನಿಮಿಷಕ್ಕೆ ಅಮ್ಮನೇ ಫೋನು ಮಾಡಿದಳು.

"ಇದ್ ಅಂಜಲ್ ಅಂದ್ ಯಾರ್ ಹೇಳ್ದ್ರ್ ನಿಂಗೆ? ಬಾಲದ್ ಹತ್ರ ಸಣ್ ಸಣ್ ರೆಕ್ಕಿ ಎಲ್ಲಿತ್ತ್? ಹಲ್ ಕಾಣ್, ನಾಯಿ ಹಲ್ಲಿನ್ ಹಾಂಗಿತ್ತ್."

ಅದು ಬರಾಕುಡಾ. ತಿನ್ನಬಾರದ ಮೀನೇನೂ ಅಲ್ಲ, ಆದರೆ ಅಂಜಲ್ ಅಲ್ಲ. ಅಂಜಲಿನ ಬೆನ್ನಿನ ರೆಕ್ಕೆ ಮುಗಿದ ಮೇಲೆ ಬಾಲದವರೆಗೂ ಗರಗಸದ ಹಲ್ಲಿನಂತೆ ಪುಟ್ಟ ಪುಟ್ಟ ರೆಕ್ಕೆಗಳ ಸಾಲು ಇರುತ್ತದೆ. ಬಂಗುಡೆಗೂ ಇದೆ, ಕೇದರ ಮೀನಿಗೂ ಇದೆ. ಆ ವಂಶದ ಗುರುತೇ ಅದು. ಬರಾಕುಡಾಕ್ಕೆ ಬೆನ್ನ ಮೇಲೆ ಎರಡು ರೆಕ್ಕೆ ದೂರ ದೂರವಾಗಿ ನಿಂತಿರುತ್ತವೆ, ಅಷ್ಟೇ. ಮೀನುಶಾಸ್ತ್ರದ ಪುಸ್ತಕ ಹೇಳುವ ಈ ಲಕ್ಷಣವನ್ನು ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ಅಮ್ಮ ಎರಡು ಸಾವಿರ ಕಿಲೋಮೀಟರು ದೂರದಿಂದ, ಫೋನಿನ ಪರದೆಯಲ್ಲಿ ಹಿಡಿದುಬಿಟ್ಟಿದ್ದಳು. ಆಮೇಲೆ ಕಚೇರಿಯಲ್ಲಿ ಹೇಳಿದಾಗ ಒಮಾನಿ ಸಹೋದ್ಯೋಗಿಯೊಬ್ಬರು ನಕ್ಕರು. ಒಮಾನಿನಲ್ಲಿ ಆಗಸ್ಟ್ 15ರಿಂದ ಅಕ್ಟೋಬರ್ 15ರವರೆಗೆ ಅಂಜಲ್ ಹಿಡಿಯುವುದು, ಮಾರುವುದು ಎರಡೂ ನಿಷಿದ್ಧ. ಅದು ಮರಿಯಿಡುವ ಕಾಲ. ನಮ್ಮೂರಿನಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ರಜೆ ಇರುವಂತೆ. ಇಲ್ಲಿ ಅಂಜಲಿಗೆ 'ಕನ್‌ಅದ್' ಎನ್ನುತ್ತಾರೆ, ಕನ್‌ಅದ್ ಆ ದಿನ ಮಾರುಕಟ್ಟೆಯಲ್ಲಿ ಇರಲು ಸಾಧ್ಯವೇ ಇರಲಿಲ್ಲ.

ಈ ಸೋಲು ನನಗೆ ಸ್ವಲ್ಪ ಹೆಚ್ಚೇ ಚುಚ್ಚಿತು, ಕಾರಣವಿದೆ. ನನ್ನ ಅಜ್ಜಿ ಮೀನು ಮಾರುತ್ತಿದ್ದವಳು. ಗಂಗೊಳ್ಳಿಯ ದಡದಲ್ಲಿ ದೋಣಿ ಬಂದಾಗ ಮೀನು ಕೊಂಡು, ಹೆಡಿಗೆಯಲ್ಲಿ ಹೊತ್ತು, ಹೆಮ್ಮಾಡಿ, ವಂಡ್ಸೆ ಕಡೆಯ ಮನೆಮನೆಗೆ ಹೋಗುತ್ತಿದ್ದಳು. ಅವಳ ಪ್ರಾಯದ ಕಾಲದಲ್ಲಿ ನಡೆದು, ನಾನು ನೋಡುವ ಹೊತ್ತಿಗೆ ಬಸ್ಸಿನಲ್ಲಿ. ದುಡ್ಡಿಲ್ಲದ ಮನೆಯವರು ಭತ್ತ ಕೊಡುತ್ತಿದ್ದರಂತೆ; ಹೋಗುವಾಗ ತಲೆಯ ಮೇಲೆ ಮೀನು, ಬರುವಾಗ ಅದೇ ಹೆಡಿಗೆಯಲ್ಲಿ ಭತ್ತ. ನಾನು ಹೈಸ್ಕೂಲಿಗೆ ಹೋಗುವಾಗ ಒಂದು ದಿನ ಅಜ್ಜಿ ಹೆಡಿಗೆ ಸಮೇತ ನಮ್ಮ ಬಸ್ಸು ಹತ್ತಿದಳು. ಕಂಡಕ್ಟರು ಹಿಂದೆ ಹೋಗಿ ಅಂತ ಗದರಿದ. ನನ್ನ ಪಕ್ಕದಲ್ಲಿ ಕೂತಿದ್ದ ಗೆಳತಿ ಮೂಗಿಗೆ ಕರವಸ್ತ್ರ ಹಿಡಿದಳು. ನಾನು ಕಿಟಕಿಯ ಹೊರಗೆ ನೋಡುತ್ತಾ ಕೂತೆ. ಅಜ್ಜಿಗೆ ನಾನು ಕಂಡಿದ್ದೆ. ಅವಳೂ ನನ್ನತ್ತ ನೋಡದೆ ಹೆಮ್ಮಾಡಿಯಲ್ಲಿ ಇಳಿದು ಹೋದಳು. ಸಂಜೆ ಮನೆಯಲ್ಲಿ ಏನೂ ಹೇಳಲಿಲ್ಲ, ಎಂದಿನ ಹಾಗೆ ನನ್ನ ಪಾಲಿಗೆ ಬಂಗುಡೆಯ ಮೊಟ್ಟೆ ಎತ್ತಿಟ್ಟಿದ್ದಳು.

ಅಜ್ಜಿ ತೀರಿಕೊಂಡು ಬಹಳ ವರ್ಷಗಳಾದವು. ಅವಳಿಗೆ ಎಷ್ಟು ಮೀನುಗಳ ಹೆಸರು ಗೊತ್ತಿತ್ತು ಎಂದು ಎಣಿಸಿಟ್ಟವರಿಲ್ಲ. ಕತ್ತಲಲ್ಲಿ ಹೆಡಿಗೆಗೆ ಕೈ ಹಾಕಿ ಇದು ನಂಗು, ಇದು ಕಾಣೆ, ಇದು ನಿನ್ನೆಯದ್ದು ಎಂದು ಬೇರೆ ಮಾಡುತ್ತಿದ್ದುದು ನೆನಪಿದೆ. ಬರಾಕುಡಾ ಪ್ರಸಂಗದ ಮೇಲೆ ನಾನೊಂದು ನೋಟ್‌ಪುಸ್ತಕ ಮಾಡಿದೆ. ಒಂದು ಕಾಲಮ್ಮಿನಲ್ಲಿ ಅಮ್ಮ ಫೋನಿನಲ್ಲಿ ಹೇಳುವ ಹೆಸರು, ಇನ್ನೊಂದರಲ್ಲಿ ಮತ್ರಾದ ಮೀನುಗಾರರು ಹೇಳುವ ಅರಬ್ಬಿ ಹೆಸರು, ಮೂರನೆಯದರಲ್ಲಿ ಲ್ಯಾಟಿನ್ ಹೆಸರು. ಈ ಮೂರನೇ ಕಾಲಮ್ಮು ನನ್ನನ್ನು ಇತಿಹಾಸಕ್ಕೆ ಎಳೆದುಕೊಂಡು ಹೋಯಿತು.

ಮೊದಲು ಹುಡುಕಿದ್ದು ಕಾಣೆಯನ್ನು. ಕರಾವಳಿಯ ಹೊರಗಿನ ಕನ್ನಡಿಗರಿಗೆ ಈ ಹೆಸರೇ ತಮಾಷೆ. ಬೆಂಗಳೂರಿನ ಗೆಳೆಯರೊಬ್ಬರು ನಮ್ಮನೆ ಊಟಕ್ಕೆ ಬಂದಾಗ, ಕಾಣೆಯಾದ ಮೀನು ಕಾವಲಿ ಮೇಲೆ ಸಿಕ್ಕಿತಾ ಎಂದು ಕೇಳಿದ್ದರು. ಬೆರಳಿಗಿಂತ ತುಸು ದಪ್ಪ, ಒಂದು ಗೇಣು ಉದ್ದ, ಮರಳಿನ ಬಣ್ಣ, ಮೂತಿ ಚೂಪು, ಹೊಟ್ಟೆ ಬೆಳ್ಳಗೆ. ನದಿ ಸಮುದ್ರ ಸೇರುವ ಅಳಿವೆಯ ಮರಳಿನಲ್ಲಿ ಇದರ ವಾಸ, ಹೆದರಿದರೆ ಮರಳಿನೊಳಗೇ ಹುಗಿದುಕೊಳ್ಳುತ್ತದೆ. ಹೆಸರು ಹಾಗೇ ಬಂತೋ ಏನೋ ಎಂದು ನಾನು ಸುಮ್ಮನೆ ಅಂದುಕೊಳ್ಳುವುದುಂಟು. ಕಾರವಾರದ ಕಡೆ ಇದಕ್ಕೆ ನೊಗ್ಲಿ, ಹೋಟೆಲಿನ ಪಟ್ಟಿಯಲ್ಲಿ ಲೇಡಿ ಫಿಶ್. ಲ್ಯಾಟಿನ್ನಿನಲ್ಲಿ ಸಿಲ್ಲಾಗೊ ಸಿಹಾಮ. ಆ ಎರಡನೇ ಪದ ಲ್ಯಾಟಿನ್ ಅಲ್ಲವೇ ಅಲ್ಲ. ಅದು ಅರಬ್ಬಿ.

ಅದನ್ನು ಅಲ್ಲಿ ತಂದು ಕೂರಿಸಿದವನು ಪೀಟರ್ ಫೋರ್ಸ್‌ಕಾಲ್. 1732ರಲ್ಲಿ ಹೆಲ್ಸಿಂಕಿಯಲ್ಲಿ ಹುಟ್ಟಿದವನು, ಸಸ್ಯಗಳಿಗೆ, ಪ್ರಾಣಿಗಳಿಗೆ ಎರಡು ಪದದ ಹೆಸರು ಕೊಡುವ ಪದ್ಧತಿ ತಂದ ಲಿನೇಯಸ್‌ನ ಶಿಷ್ಯ. ಡೆನ್ಮಾರ್ಕಿನ ರಾಜ ಅರೇಬಿಯಾಕ್ಕೆ ಕಳಿಸಿದ ಸಂಶೋಧಕರ ತಂಡದಲ್ಲಿ ಇವನೊಬ್ಬ. 1761ರ ಜನವರಿಯಲ್ಲಿ ಕೋಪನ್‌ಹೇಗನ್ ಬಿಟ್ಟ ಆ ತಂಡದಲ್ಲಿ ಆರು ಜನ: ಭಾಷಾಶಾಸ್ತ್ರಜ್ಞ ಫೋನ್ ಹಾವೆನ್, ಫೋರ್ಸ್‌ಕಾಲ್, ಭೂಪಟ ಬರೆಯುವ ಕಾರ್ಸ್ಟನ್ ನೀಬೂರ್, ವೈದ್ಯ ಕ್ರಾಮರ್, ಚಿತ್ರಕಾರ ಬೌರೆನ್‌ಫೈಂಡ್, ಮತ್ತೆ ಬರ್ಗ್‌ಗ್ರೆನ್ ಎಂಬ ಸೇವಕ. ಕೆಂಪು ಸಮುದ್ರದಲ್ಲಿ ಇಳಿಯುತ್ತಾ 1762ರ ಡಿಸೆಂಬರ್ ಕೊನೆಗೆ ಯೆಮೆನ್ನಿನ ಲುಹಯ್ಯಾ ಎಂಬ ಸಣ್ಣ ಬಂದರಿಗೆ ಬಂದರು. ಕಾಣೆ ಫೋರ್ಸ್‌ಕಾಲ್‌ನ ಕೈಗೆ ಸಿಕ್ಕಿದ್ದು ಆ ಲುಹಯ್ಯಾದಲ್ಲಿ.

ನನಗೆ ಇವನ ಮೇಲೆ ಪ್ರೀತಿ ಹುಟ್ಟಲು ಕಾರಣ ಅವನ ಒಂದು ಅಭ್ಯಾಸ. ಅವನಿಗೆ ಅರಬ್ಬಿ ಬರುತ್ತಿತ್ತು. ಮೀನುಗಾರರು ಏನೆಂದು ಕರೆಯುತ್ತಾರೆ ಎಂದು ಕೇಳುತ್ತಿದ್ದ, ಎಷ್ಟೋ ಸಲ ಆ ಹೆಸರನ್ನೇ ಶಾಸ್ತ್ರೀಯ ಹೆಸರನ್ನಾಗಿ ಬರೆದುಕೊಳ್ಳುತ್ತಿದ್ದ. ಹೀಗಾಗಿ ಬೊಹಾರ್, ಹರಕ್, ಸೆಹೆಲಿ, ಜರ್ಬುವಾ, ಅಬುದೆಫ್ದುಫ್ ಎಂಬಂಥ ಕೆಂಪು ಸಮುದ್ರದ ದೋಣಿಯ ಮಾತುಗಳು ಇವತ್ತಿಗೂ ಪ್ರಪಂಚದ ಎಲ್ಲಾ ಮೀನುಶಾಸ್ತ್ರದ ಪುಸ್ತಕಗಳಲ್ಲಿವೆ. ಅರಬ್ಬಿಯಲ್ಲಿ ಬಾಣಕ್ಕೆ 'ಸಹಮ್', ಬಹುವಚನ 'ಸಿಹಾಮ್'. ಕಾಣೆಯ ಆಕಾರ ನೋಡಿದವರಿಗೆ ಆ ಪದದ ಗುಟ್ಟು ಬಿಡಿಸಿ ಹೇಳಬೇಕಾಗಿಲ್ಲ. ಇದು ನನ್ನ ಊಹೆಯೇ ಆದರೂ ಬಿಟ್ಟುಕೊಡಲು ಮನಸ್ಸಿಲ್ಲ. ನಮ್ಮ ಕೆಂಬೇರಿಯನ್ನೂ, ಹೂಮೀನನ್ನೂ ಮೊದಲು ಶಾಸ್ತ್ರಕ್ಕೆ ಸೇರಿಸಿದವನು ಇವನೇ. ಕುಂದಾಪುರದ ಊಟದ ಎಲೆಯಲ್ಲಿ ಇವನ ಕೈಬರಹ ಇಷ್ಟೊಂದಿದೆ ಎಂದು ನನಗೆ ಗೊತ್ತಿರಲಿಲ್ಲ.

ಮೀನನ್ನು ಇಡುವ ರೀತಿಯೂ ವಿಚಿತ್ರ. ಗಿಡದ ಎಲೆಗಳನ್ನು ಕಾಗದದ ನಡುವೆ ಒತ್ತಿಟ್ಟು ಒಣಗಿಸುವ ವಿದ್ಯೆ ಅವನದು. ಮೀನಿಗೂ ಅದನ್ನೇ ಮಾಡಿದ. ಒಂದು ಬದಿಯ ಚರ್ಮವನ್ನು ರೆಕ್ಕೆ, ತಲೆ, ಬಾಲದ ಸಮೇತ ಸುಲಿದು, ಒಣಗಿಸಿ, ಹಾಳೆಗೆ ಅಂಟಿಸಿದ. ಆ ಅರ್ಧ ಮೀನುಗಳು ಇಂದಿಗೂ ಕೋಪನ್‌ಹೇಗನ್‌ನ ಪ್ರಾಣಿಶಾಸ್ತ್ರ ಸಂಗ್ರಹಾಲಯದಲ್ಲಿವೆ, ಮೀನಿನ ಹರ್ಬೇರಿಯಂ ಎಂದೇ ಅದಕ್ಕೆ ಹೆಸರು.

ಸಾರಾಯಿಯಲ್ಲಿ ಹಾಕಿಟ್ಟ ಮೀನುಗಳ ಕತೆ ಬೇರೆ. 1763ರಲ್ಲಿ ಮೋಖಾ ಬಂದರಿನ ಸುಂಕದ ಕಟ್ಟೆಯಲ್ಲಿ ಅಧಿಕಾರಿಗಳು ಇವರ ಪೀಪಾಯಿಯನ್ನು ತೆಗೆಸಿದರು. ಒಳಗೆ ಬೇರೇನೋ ಬಚ್ಚಿಟ್ಟಿದ್ದಾರೆ ಎಂಬ ಗುಮಾನಿಯಿಂದ ಕಬ್ಬಿಣದ ಸಲಾಕೆ ಹಾಕಿ ಕಲಕಿದರು, ಪೀಪಾಯಿ ಉರುಳಿತು, ಸಾರಾಯಿ ಮತ್ತು ಮೀನಿನ ನಾತ ಇಡೀ ಕಟ್ಟಡ ತುಂಬಿತು. ಇನ್ನೊಂದು ಪಾತ್ರೆಯಲ್ಲಿ ಹಾವುಗಳೂ ಸಿಕ್ಕಿದಾಗ, ಈ ಫ್ರಾಂಕರು ನಮಗೆ ವಿಷ ಹಾಕಲು ಬಂದವರು ಎಂದು ಗಲಾಟೆಯಾಯಿತು. ನೀಬೂರನ ಪ್ರವಾಸಕಥನದಲ್ಲಿ ಇದನ್ನು ಓದಿ ನಾನು ಒಬ್ಬಳೇ ನಕ್ಕೆ. ನನ್ನ ಸೂಟ್‌ಕೇಸಿನಲ್ಲಿ ಅಮ್ಮ ನನಗೆ ಹೇಳದೆ ಸೇರಿಸಿದ್ದ ಒಣ ಸಿಗಡಿಯ ಪೊಟ್ಟಣ ಒಡೆದು, ವಿಮಾನ ನಿಲ್ದಾಣವೊಂದರ ತಪಾಸಣೆಯ ಮೇಜಿನ ಮೇಲೆ ನನ್ನ ಕಚೇರಿಯ ಬಟ್ಟೆಗಳೆಲ್ಲ ಒಂದೊಂದಾಗಿ ಹೊರಬಂದದ್ದು, ಸಾಲಿನಲ್ಲಿ ಹಿಂದೆ ನಿಂತವರು ಒಂದೊಂದೇ ಹೆಜ್ಜೆ ಹಿಂದೆ ಸರಿದದ್ದು ನೆನಪಾಯಿತು. ಆಗಲೂ ಬಸ್ಸಿನ ಹಾಗೆಯೇ ಬೇರೆ ಕಡೆ ನೋಡಬೇಕೆನ್ನಿಸಿತ್ತು. ಆದರೆ ಸೂಟ್‌ಕೇಸಿನ ಮೇಲೆ ನನ್ನ ಹೆಸರೇ ಇತ್ತಲ್ಲ.

ಫೋರ್ಸ್‌ಕಾಲ್ ಊರಿಗೆ ಮರಳಲಿಲ್ಲ. 1763ರ ಜುಲೈ 11ರಂದು ಯೆಮೆನ್ನಿನ ಬೆಟ್ಟದೂರು ಯರೀಮಿನಲ್ಲಿ ಜ್ವರದಿಂದ ತೀರಿಕೊಂಡ, 31 ವರ್ಷ ವಯಸ್ಸು. ಫೋನ್ ಹಾವೆನ್ ಅದಕ್ಕೂ ಮೊದಲೇ ಮೋಖಾದಲ್ಲಿ ಸತ್ತಿದ್ದ. ಉಳಿದವರು ಮುಂಬಯಿಯ ಹಡಗು ಹತ್ತಿದರು. ಚಿತ್ರಕಾರ ಮತ್ತು ಸೇವಕ ಅರಬ್ಬೀ ಸಮುದ್ರದ ನಡುವೆಯೇ ಹೋದರು, ವೈದ್ಯ ಮುಂಬಯಿಯಲ್ಲಿ. ನೀಬೂರ್ ಒಬ್ಬನೇ ಉಳಿದು, ಮುಂಬಯಿಯಿಂದ ಹೊರಟು 1765ರ ಜನವರಿಯಲ್ಲಿ ಇದೇ ಮಸ್ಕತ್ತಿಗೆ ಬಂದು, ಪರ್ಷಿಯಾ, ಇರಾಕ್ ದಾಟಿ 1767ರಲ್ಲಿ ಕೋಪನ್‌ಹೇಗನ್ ಸೇರಿದ. ಸತ್ತ ಗೆಳೆಯನ ಟಿಪ್ಪಣಿಗಳನ್ನು 1775ರಲ್ಲಿ ಅಚ್ಚು ಹಾಕಿಸಿದವನು ಅವನೇ. ಕಾಣೆಗೆ ಶಾಸ್ತ್ರೀಯ ಹೆಸರು ಬಂದದ್ದು ಹೀಗೆ, ಹೆಸರಿಟ್ಟವನು ಸತ್ತ 12 ವರ್ಷಕ್ಕೆ.

ಬಂಗುಡೆಯ ಹೆಸರು ಹುಡುಕಿದಾಗ ಇನ್ನೊಂದು ಆಶ್ಚರ್ಯ. ರಾಸ್ಟ್ರೆಲ್ಲಿಗರ್ ಕನಗುರ್ತ. ಇಲ್ಲಿ ಕುಳಿತಿರುವುದು ತೆಲುಗು. ಪ್ಯಾಟ್ರಿಕ್ ರಸೆಲ್ ಎಂಬ ಸ್ಕಾಟಿಷ್ ವೈದ್ಯ ವಿಶಾಖಪಟ್ಟಣದಲ್ಲಿ ಮೀನುಗಳನ್ನು ಸಂಗ್ರಹಿಸಿ, ಸ್ಥಳೀಯ ಹೆಸರುಗಳ ಜೊತೆ ಇನ್ನೂರು ಮೀನುಗಳ ಚಿತ್ರಸಂಪುಟವನ್ನು 1803ರಲ್ಲಿ ಪ್ರಕಟಿಸಿದ. ಅದರಲ್ಲಿದ್ದ ಹೆಸರನ್ನು ಫ್ರಾನ್ಸಿನ ಕ್ಯೂವಿಯೇ ಎತ್ತಿಕೊಂಡ. ನಮ್ಮ ಕಪ್ಪು ಮಾಂಜಿ ಶಾಸ್ತ್ರಕ್ಕೆ ಸೇರಿದ್ದು ತಮಿಳುನಾಡಿನ ತರಂಗಂಬಾಡಿಯಿಂದ. ಅದು ಆಗ ಡೇನರ ವಸಾಹತು. ಅಲ್ಲಿನ ಪಾದ್ರಿ ಜಾನ್ ಕಳಿಸಿಕೊಟ್ಟ ಮೀನುಗಳನ್ನು ಬರ್ಲಿನ್ನಿನ ಬ್ಲಾಖ್ ವರ್ಣಿಸಿದ. ಅಂದ ಹಾಗೆ, ಕಪ್ಪು ಮಾಂಜಿ ನಿಜಕ್ಕೂ ಮಾಂಜಿಯಲ್ಲ. ಬಿಳಿ ಮಾಂಜಿಯ ಬಾಲದ ಬುಡ ನುಣ್ಣಗಿರುತ್ತದೆ, ಕಪ್ಪಿನದ್ದನ್ನು ಸವರಿದರೆ ಗಟ್ಟಿ ಹುರುಪೆಗಳ ಒರಟು ಏಣು ಕೈಗೆ ಸಿಗುತ್ತದೆ. ಅದು ಪಾರೆ ಮೀನಿನ ಬಳಗ. ಅಜ್ಜಿ ಕಪ್ಪು ಮಾಂಜಿಗೆ ಬೇರೆ ಮಸಾಲೆ, ಬಿಳಿಗೆ ಬೇರೆ ಎನ್ನುತ್ತಿದ್ದುದು ಬಣ್ಣದ ಮೇಲಿನ ಮಾತು ಎಂದುಕೊಂಡಿದ್ದೆ.

ಲುಹಯ್ಯಾದ ಮೀನುಗಾರನನ್ನು ಕೇಳಿದವನೊಬ್ಬನಿದ್ದ, ವಿಶಾಖಪಟ್ಟಣದವನನ್ನು ಕೇಳಿದವನೊಬ್ಬನಿದ್ದ. ಕೇಳಿದವರ ಹೆಸರು ಪುಸ್ತಕದಲ್ಲಿದೆ, ಹೇಳಿದವರ ಹೆಸರು ಇಲ್ಲ ಎನ್ನುವುದು ಬೇರೆ ಮಾತು, ಪದವಾದರೂ ಉಳಿಯಿತು. ನಮ್ಮ ಅಜ್ಜಿಯನ್ನು ಮನೆಯಲ್ಲೇ ಇದ್ದ ನಾನೂ ಕೇಳಲಿಲ್ಲ.

ಕನ್ನಡನಾಡಿನಲ್ಲಿ ಮೀನಿನ ಬಗ್ಗೆ ಯಾರೂ ಬರೆದಿರಲಿಲ್ಲ ಎಂದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಮೂವತ್ತೈದರಷ್ಟು ಮೀನುಗಳನ್ನು ನದಿಯವು, ಸಮುದ್ರದವು, ಹುರುಪೆ ಇರುವವು, ಇಲ್ಲದವು ಎಂದು ವಿಂಗಡಿಸಿ, ಯಾವುದಕ್ಕೆ ಯಾವ ತಿನಿಸು ಹಾಕಿ ಗಾಳಕ್ಕೆ ಸೆಳೆಯಬೇಕೆಂದು ದೊರೆ ವಿವರಿಸುತ್ತಾನೆ. ಭಾರತದ ಹೆಸರಾಂತ ಮೀನುತಜ್ಞ ಸುಂದರ್ ಲಾಲ್ ಹೋರಾ 1951ರಲ್ಲಿ ಆ ಭಾಗದ ಬಗ್ಗೆ ಲೇಖನ ಬರೆದು, ಇದು ಬರೀ ಕಾವ್ಯವಲ್ಲ, ಕಣ್ಣಾರೆ ಕಂಡ ಜ್ಞಾನ ಎಂದು ತೋರಿಸಿಕೊಟ್ಟರು. ಆದರೆ ಅದು ಅರಸನ ಆಟದ ಮೀನು. ಕನ್ನಡದ ಹಳೆಯ ಪಾಕಗ್ರಂಥಗಳಲ್ಲಿ ಪ್ರಸಿದ್ಧವಾದ ಮಂಗರಸನ ಸೂಪಶಾಸ್ತ್ರವೋ, ಜೈನ ಕವಿ ಬರೆದದ್ದು, ಪೂರ್ತಿ ಸಸ್ಯಾಹಾರ. ಅಲ್ಲಿ ಬದನೆಕಾಯಿಗೆ ಸಿಕ್ಕ ಮರ್ಯಾದೆ ಬಂಗುಡೆಗೆ ಸಿಗುವಂತಿರಲಿಲ್ಲ.

ಕರಾವಳಿಯ ಮೀನೂಟವನ್ನು ಉಂಡವನೊಬ್ಬ ಬರೆದಿಟ್ಟ ಹಳೆಯ ಮಾತು ಬೇಕಾದರೆ ಮೊರಾಕ್ಕೋದ ಇಬ್ನ್ ಬತೂತನ ಹತ್ತಿರ ಹೋಗಬೇಕು. 1342ರ ಸುಮಾರಿಗೆ ಆತ ಹೊನ್ನಾವರಕ್ಕೆ ಬಂದ, ಅಲ್ಲಿನ ಸುಲ್ತಾನ ಜಮಾಲುದ್ದೀನನ ಅತಿಥಿಯಾದ. ಊಟ ಬಡಿಸುವ ಕ್ರಮವನ್ನು ತುತ್ತು ತುತ್ತಾಗಿ ಬರೆದಿದ್ದಾನೆ: ಮೊದಲು ಅನ್ನ, ಮೇಲೆ ತುಪ್ಪ, ಪಕ್ಕದಲ್ಲಿ ಹಸಿ ಮೆಣಸು, ಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ. ಆಮೇಲೆ ಕೋಳಿಯ ಬಗೆಗಳು, ಒಂದೊಂದಕ್ಕೂ ಮತ್ತೆ ಅನ್ನ. ಕೋಳಿ ಮುಗಿದ ಮೇಲೆ ಬಗೆಬಗೆಯ ಮೀನು, ಅದಕ್ಕೂ ಅನ್ನ. ನಂತರ ತರಕಾರಿ, ಕೊನೆಗೆ ಮೊಸರು. ಮಳೆಗಾಲದಲ್ಲಿ ತಣ್ಣೀರು ಆಗಿಬರುವುದಿಲ್ಲವೆಂದು ಕುಡಿಯಲು ಬಿಸಿನೀರು. ಇನ್ನೊಂದು ಸಲ ಬಂದಾಗ ಹನ್ನೊಂದು ತಿಂಗಳು ಇದ್ದು, ಒಂದು ರೊಟ್ಟಿಯ ಮುಖ ಕಾಣದೆ ಅನ್ನವನ್ನೇ ಉಂಡದ್ದನ್ನು ಸ್ವಲ್ಪ ದುಃಖದಿಂದಲೇ ಹೇಳುತ್ತಾನೆ. ನಾನು ಇದನ್ನು ಅಮ್ಮನಿಗೆ ಓದಿ ಹೇಳಿದಾಗ ಅವಳಿಗೆ ಬಿಸಿನೀರು ಸರಿ ಅನ್ನಿಸಿತು, ಮೀನು ತಿಂದ ಮೇಲೆ ಮೊಸರು ಎಂದಾಗ ಮಾತ್ರ "ಶಿವನೇ" ಎಂದಳು. ನಮ್ಮಲ್ಲಿ ಮೀನೂ ಮೊಸರೂ ಒಟ್ಟಿಗೆ ತಿಂದರೆ ಚರ್ಮರೋಗ ಬರುತ್ತದೆಂಬ ನಂಬಿಕೆ.

ಆ ಊಟದ ಮೀನು ಕೆಂಪಗಿರಲಿಲ್ಲ ಎನ್ನುವುದನ್ನು ಗಮನಿಸಬೇಕು. ಒಣಮೆಣಸು ಅಮೆರಿಕ ಖಂಡದ್ದು. ಪೋರ್ಚುಗೀಸರ ಹಡಗಿನಲ್ಲಿ 16ನೇ ಶತಮಾನದಲ್ಲಿ ಈ ತೀರಕ್ಕೆ ಬಂದದ್ದು. ಇಬ್ನ್ ಬತೂತ ಉಂಡ ಮೀನಿನ ಖಾರವೆಲ್ಲ ಕಾಳುಮೆಣಸು, ಶುಂಠಿಯದ್ದೇ ಇರಬೇಕು. ಬ್ಯಾಡಗಿ ಮೆಣಸು, ಕೊತ್ತಂಬರಿ, ಮೆಂತೆ, ಜೀರಿಗೆ ಹುರಿದು ತೆಂಗಿನಕಾಯಿಯ ಜೊತೆ ಅರೆದ ನಮ್ಮ ಕೆಂಪು ಸಾರನ್ನು ಅನಾದಿಕಾಲದ್ದು ಎಂದು ನಾವು ಹೊಗಳಿಕೊಳ್ಳುವುದು ಬಾಯಿರುಚಿಯ ಮಾತು, ಇತಿಹಾಸದ್ದಲ್ಲ. ಹುಳಿಯ ಲೆಕ್ಕ ಮಾತ್ರ ಹಳೆಯದು ಎಂದು ನನಗನ್ನಿಸುತ್ತದೆ. ಯಾವ ಮೀನಿಗೆ ಯಾವ ಹುಳಿ ಎನ್ನುವುದರಲ್ಲಿ ಅಜ್ಜಿಗೆ ರಾಜಿಯಿರಲಿಲ್ಲ. ಬೂತಾಯಿ, ಅಂದರೆ ನಮ್ಮ ಕಡೆಯ ಬೈಗೆ, ಎಣ್ಣೆಯ ಮೀನು. ಅದಕ್ಕೆ ಗಟ್ಟಿ ಹುಣಸೆಹುಳಿ ಬೇಕು, ಮಣ್ಣಿನ ಅಳಗೆಯಲ್ಲಿ ಮಾಡಿ ಮರುದಿನ ತಿನ್ನಬೇಕು. ಬಂಗುಡೆಗೆ ಹುಣಸೆಯ ಜೊತೆ ಜಜ್ಜಿದ ತೆಪ್ಪಳ. ಸಿಗಡಿಗೆ ಬಿಂಬುಳಿಯೋ ಮಾವಿನಕಾಯಿಯೋ. ಕಾಣೆಯನ್ನು ಸಾರಿಗೆ ಹಾಕಿದರೆ ಹುಳಿ ತುಂಬ ಕಡಿಮೆ, ಇಲ್ಲದಿದ್ದರೆ ಅದರ ಸಿಹಿ ಸಾಯುತ್ತದೆ. ನಿಜವಾಗಿ ಅದು ಕಾವಲಿಯ ಮೀನು. ಮುಳ್ಳು ಒಂದೇ ನಡುಗಂಬ, ಎಳೆದರೆ ಪೂರ್ತಿ ಬರುತ್ತದೆ. ಮಕ್ಕಳಿಗೂ ಬಾಣಂತಿಗೂ ಮೊದಲು ಕೊಡುವುದು ಅದನ್ನೇ. ಹೂಮೀನು ರುಚಿ, ಆದರೆ ಒಳಗೆ ಸೂಜಿಯಂಥ ಮುಳ್ಳಿನ ಕಾಡು. ಮಾತಾಡುತ್ತಾ ತಿನ್ನುವ ಮೀನಲ್ಲ. ನಂಗಿನ ಚರ್ಮವನ್ನು ಬೂದಿ ಮುಟ್ಟಿದ ಕೈಯಲ್ಲಿ ಒಂದೇ ಎಳೆತಕ್ಕೆ ಸುಲಿಯಬೇಕು. ತಾಜಾ ಮೀನಿಗೆ ಕಣ್ಣು ಉಬ್ಬಿರಬೇಕು, ಕಿವಿರು ಕೆಂಪಿರಬೇಕು, ಒತ್ತಿದ ಬೆರಳಿನ ಗುಳಿ ತಕ್ಷಣ ಮುಚ್ಚಬೇಕು. ಬೈಗೆಗೆ ಇದ್ಯಾವುದೂ ಬೇಡ, ಹೊಟ್ಟೆ ನೋಡಿದರೆ ಸಾಕು. ಹಳೆಯದಾದರೆ ಮೊದಲು ಒಡೆಯುವುದು ಹೊಟ್ಟೆ.

ಈ ಬೈಗೆ ಒಮಾನಿನಲ್ಲೂ ಅದೇ ಜಾತಿ, ಬಂಗುಡೆಯೂ ಅದೇ. ಎರಡು ತೀರಕ್ಕೂ ಅದೇ ನೈರುತ್ಯ ಮಾರುತ. ಮಳೆಗಾಲದ ಗಾಳಿ ಧೋಫಾರಿನ ಕಡಲ ತಳದ ತಣ್ಣೀರನ್ನು ಮೇಲಕ್ಕೆಳೆದು ಮೀನಿಗೆ ಆಹಾರ ಬೆಳೆಸುತ್ತದೆ, ನಮ್ಮಲ್ಲೂ ಮಳೆ ಮುಗಿದ ಮೇಲೆಯೇ ಬೈಗೆ ಕೊಬ್ಬುವುದು. ಹೊನ್ನಾವರಕ್ಕೆ ಬರುವ ಎಷ್ಟೋ ಮುಂಚೆ ಇಬ್ನ್ ಬತೂತ ಧೋಫಾರಿಗೂ ಹೋಗಿದ್ದ. ಅಲ್ಲಿ ದನಕರುಗಳಿಗೆ, ಕುರಿಗಳಿಗೆ ಬೈಗೆಯನ್ನೇ ಮೇವಾಗಿ ಹಾಕುವುದನ್ನು ಕಂಡು ಬೆರಗಾಗಿದ್ದಾನೆ. ಇಂದಿಗೂ ಅಲ್ಲಿ ಕಡಲದಂಡೆಯ ಮರಳಿನಲ್ಲಿ ಒಣಗಿಸಿದ ಬೈಗೆ ಒಂಟೆಗೆ ಹೋಗುತ್ತದೆ. ನಮ್ಮಲ್ಲಿ ಹೆಚ್ಚಾದದ್ದು ತೆಂಗಿನ ಬುಡಕ್ಕೆ ಗೊಬ್ಬರವಾಗುತ್ತಿತ್ತು.

ಅದೇ ಗಾಳಿಯಲ್ಲಿ ಹಡಗುಗಳೂ ಓಡಾಡಿದವು. ಮಸ್ಕತ್ತಿಗೆ ಅಕ್ಕಿ ಬೆಳೆಯುವ ನೆಲವಿಲ್ಲ. 18ನೇ ಶತಮಾನದಲ್ಲಿ ಇಲ್ಲಿನವರ ಅಕ್ಕಿಯಲ್ಲಿ ದೊಡ್ಡ ಪಾಲು ಮಂಗಳೂರಿನಿಂದ ಬರುತ್ತಿತ್ತು. ಟಿಪ್ಪು ಸುಲ್ತಾನ ಮಸ್ಕತ್ತಿನಲ್ಲಿ ತನ್ನದೇ ವ್ಯಾಪಾರದ ಕೋಠಿ ಇಟ್ಟಿದ್ದ, ಅಕ್ಕಿ, ಕಾಳುಮೆಣಸು, ಏಲಕ್ಕಿ, ಗಂಧ ಅಲ್ಲಿ ಮಾರಾಟವಾಗುತ್ತಿತ್ತು. ನನ್ನ ಒಮಾನಿ ಸಹೋದ್ಯೋಗಿಯ ಮನೆಯಲ್ಲಿ ಮಶುವಾಯ್ ತಿನ್ನುವಾಗ ಇದು ನೆನಪಾಗುತ್ತದೆ. ಇಡೀ ಅಂಜಲನ್ನು ಕೆಂಡದಲ್ಲಿ ಸುಟ್ಟು ನಿಂಬೆ ಹಿಂಡಿದ ಅನ್ನದ ಮೇಲೆ ಮಲಗಿಸಿಡುತ್ತಾರೆ. ಮಸಾಲೆ ಹಿತಮಿತ. ಹುಳಿಗೆ ಅವರದ್ದು ಒಣನಿಂಬೆ, ಲೂಮಿ. ಬಿಸಿಲಿಗೆ ಕಪ್ಪಾಗಿ ಕಲ್ಲಿನಂತಾದದ್ದು. ಒಮ್ಮೆ ಹುಣಸೆ ಮುಗಿದಾಗ ಬೈಗೆಯ ಸಾರಿಗೆ ಎರಡು ಲೂಮಿ ತೂತುಮಾಡಿ ಹಾಕಿದೆ. ತುಸು ಕಹಿ ಬಂತು, ಆದರೆ ಕೆಡಲಿಲ್ಲ. ಬೈಗೆಯ ಎಣ್ಣೆ ಆ ಕಹಿಯನ್ನು ತಡೆದುಕೊಂಡಿತು. ಕಾಣೆಗೆ ಹಾಕಲು ಧೈರ್ಯ ಬಂದಿಲ್ಲ.

ನೋಟ್‌ಪುಸ್ತಕದ ಮೊದಲ ಕಾಲಮ್ಮು ತುಂಬುತ್ತಾ ಹೋದಂತೆ ಒಂದು ತೊಂದರೆ ಎದುರಾಯಿತು. ಅಮ್ಮ ಹೇಳುವ ಕೆಲವು ಹೆಸರುಗಳಿಗೆ ಮೀನೇ ಸಿಗುವುದಿಲ್ಲ. "ಅದ್ ಈಗ ಬತ್ತಿಲ್ಲ" ಎನ್ನುತ್ತಾಳೆ. ರಂಪಣಿ ಇದ್ದಾಗ ಬರುತ್ತಿತ್ತಂತೆ. ದಡದಿಂದ ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರದಂತೆ ಬಿಟ್ಟು, ಎರಡು ತುದಿಗಳನ್ನು ಊರವರೆಲ್ಲ ಸೇರಿ ದಂಡೆಗೆ ಎಳೆಯುವುದು ರಂಪಣಿ. ನೂರರ ಹತ್ತಿರ ಜನ ಬೇಕು, ಬಂದದ್ದರಲ್ಲಿ ಎಳೆದ ಎಲ್ಲರಿಗೂ ಪಾಲು. ಬಲೆಯಲ್ಲಿ ಹತ್ತು ಹದಿನೈದು ಬಗೆಯ ಮೀನು ಕಲಸಿ ಬರುತ್ತಿದ್ದುದರಿಂದ ವಿಂಗಡಿಸುವ ಹೆಂಗಸರಿಗೆ ಎಲ್ಲದರ ಹೆಸರು ಗೊತ್ತಿರಲೇಬೇಕಿತ್ತು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆ ಬಂತು. ಯಂತ್ರದ ದೋಣಿ ಮೀನಿನ ಹಿಂಡನ್ನು ಕಡಲಲ್ಲೇ ಸುತ್ತುಗಟ್ಟಿ ಎತ್ತಿಬಿಟ್ಟ ಮೇಲೆ ದಡಕ್ಕೆ ಬರುವುದು ಏನು? ಕೆಲವೇ ವರ್ಷಗಳಲ್ಲಿ ರಂಪಣಿ ನಿಂತಿತು. ಈಗ ಬಂದರಿನಲ್ಲಿ ಬೆಲೆ ಸಿಗುವ ಹತ್ತಾರು ಮೀನಿಗೆ ಹೆಸರು, ಉಳಿದದ್ದೆಲ್ಲ ಒಟ್ಟಾಗಿ ಮೀನುಹುಡಿಯ ಕಾರ್ಖಾನೆಗೆ. ಹೆಸರು ಬೇಕಾಗದ ಮೀನಿಗೆ ಹೆಸರು ಇಟ್ಟುಕೊಳ್ಳುವವರು ಯಾರು?

ಹೋದ ವರ್ಷ ಡಿಸೆಂಬರಿನಲ್ಲಿ ಅಮ್ಮ ಮೊದಲ ಸಲ ಮಸ್ಕತ್ತಿಗೆ ಬಂದಳು. ಎತ್ತರದ ಕಟ್ಟಡ, ದೊಡ್ಡ ಮಸೀದಿ, ಯಾವುದಕ್ಕೂ ಹೆಚ್ಚು ಮಾತಾಡಲಿಲ್ಲ. ಮೂರನೇ ದಿನ ಮತ್ರಾಕ್ಕೆ ಕರೆದುಕೊಂಡು ಹೋದೆ. 2017ರಲ್ಲಿ ಕಟ್ಟಿದ ಹೊಸ ಮಾರುಕಟ್ಟೆ, ಬಂದರಿನ ಪಕ್ಕದಲ್ಲೇ, ಮೇಲೆ ಅಲೆಯಂತೆ ಬಾಗಿದ ಬಿಳಿ ಪಟ್ಟಿಗಳ ಚಾವಣಿ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕಟ್ಟೆಯಿಂದ ಕಟ್ಟೆಗೆ ನಡೆದಳು. ಹಮೂರ್ ಎಂದು ಬರೆದಿದ್ದನ್ನು ನೋಡಿ "ಮುರು ಮೀನ್" ಎಂದಳು. ಅಂಜಲಿನ ಬಾಲ ಎತ್ತಿ ಸಣ್ಣ ರೆಕ್ಕೆಗಳನ್ನು ಬೆರಳಿನಿಂದ ಎಣಿಸುವಂತೆ ಸವರಿ, ನನ್ನ ಮುಖ ನೋಡಿ ನಕ್ಕಳು. ಒಂದು ಮೂಲೆಯಲ್ಲಿ ಮುದುಕರೊಬ್ಬರು 'ಕುಮ್ಮಾ' ಟೋಪಿ ಹಾಕಿಕೊಂಡು ಸಣ್ಣ ಮೀನಿನ ರಾಶಿ ಇಟ್ಟು ಕೂತಿದ್ದರು. ಅಮ್ಮ ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟಳು.

"ಕಾಣಿ!"

ಮುದುಕರಿಗೆ ಅರ್ಥವಾಗಲಿಲ್ಲ. ಅವರು ತಮ್ಮ ಹೆಸರು ಹೇಳಿದರು, ಅಮ್ಮನಿಗೆ ಅರ್ಥವಾಗಲಿಲ್ಲ. ಅಮ್ಮ ಒಂದನ್ನು ಎತ್ತಿ ಕಿವಿರು ತೆರೆದು ತೋರಿಸಿ ತಲೆಯಾಡಿಸಿದಳು, ಇನ್ನೊಂದರ ಹೊಟ್ಟೆ ಒತ್ತಿ ಬೇಡವೆಂದಳು. ಮುದುಕರು ಬೇಡವೆಂದದ್ದನ್ನು ತಾವೇ ತೆಗೆದು ಹಿಂದಿನ ಬುಟ್ಟಿಗೆ ಹಾಕಿ, ಐಸಿನ ಕೆಳಗಿನಿಂದ ಬೇರೆ ಹಿಡಿಯಷ್ಟು ತಂದು ಮುಂದಿಟ್ಟರು. ಹತ್ತು ನಿಮಿಷ ಹೀಗೇ ನಡೆಯಿತು. ನನ್ನನ್ನು ಇಬ್ಬರೂ ಒಂದು ಮಾತು ಕೇಳಲಿಲ್ಲ. ಸುತ್ತ ಜನ, ಅಮ್ಮನ ಕೈ ಮೊಣಕೈವರೆಗೂ ಹುರುಪೆ, ಮೀನಿನ ನೀರು ಸೀರೆಯ ಅಂಚಿಗೆ. ನಾನು ಅವಳ ಚೀಲ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ.

ಮನೆಗೆ ಬಂದು ಅಮ್ಮ ಕಾಣೆಗಳನ್ನು ಕೊಯ್ದು, ಉಪ್ಪು, ಅರಿಸಿನ, ಅರೆದ ಕೆಂಪು ಮೆಣಸು ಸವರಿಟ್ಟಳು. ಕಾವಲಿ ಕಾಯುವವರೆಗೆ ನಾನು ನೋಟ್‌ಪುಸ್ತಕ ತಂದು ಫೋರ್ಸ್‌ಕಾಲ್‌ನ ಕತೆ ಹೇಳಿದೆ. ಲುಹಯ್ಯಾ, ಸಿಹಾಮ, ಬಾಣ, ಜ್ವರ, ಕೋಪನ್‌ಹೇಗನ್ನಿನ ಹಾಳೆಗೆ ಅಂಟಿಸಿದ ಅರ್ಧ ಮೀನು. ಅಮ್ಮ ಮೀನು ಮಗುಚುತ್ತಾ ಕೇಳುತ್ತಿದ್ದಳು.

"ಪಾಪ, ಸಣ್ ಪ್ರಾಯ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಒಂದ್ ಬದಿ ಚರ್ಮ ಅಂಟಿಸ್ದ. ಉಳ್ದದ್ದ್ ಎಂತ ಮಾಡ್ದ? ಹುರ್ದ್ ತಿಂದ್ನಾ, ಬೆಕ್ಕಿಗ್ ಹಾಕ್ದ್ನಾ?"

ಪುಸ್ತಕದಲ್ಲಿ ಅದನ್ನು ಬರೆದಿಲ್ಲ ಎಂದೆ. ಅಮ್ಮ ತಟ್ಟೆಗೆ ಎರಡು ಕಾಣೆ ಹಾಕಿ, ನಿಂಬೆಹಣ್ಣು ಎಲ್ಲಿಟ್ಟಿದ್ದೀ ಎಂದು ಕೇಳಿದಳು.